ಯಜಮಾನಿಗೆ ಗೊತ್ತಿದ್ದ ದಾರಿ

ನಮ್ಮ ಅಂಗಳದಲ್ಲಿ ನಿಂತು ‘ಯಜಮಾನೀ’ ಅಂತ ಕೂಗಿದರೆ ತಿರುಗಿ ನೋಡುವುದು ನನ್ನ ಅತ್ತೆಯಲ್ಲ, ಹಸು. ಅತ್ತೆಗೆ ಆ ಪಟ್ಟ ತಪ್ಪಿ ಎಷ್ಟೋ ವರ್ಷವಾಯಿತು. ನನ್ನ ಗಂಡನಿಗಂತೂ ಯಜಮಾನ ಅನ್ನಿಸಿಕೊಳ್ಳುವ ಯೋಗ ಇನ್ನೂ ಬಂದಿಲ್ಲ, ಅವರಪ್ಪ ಗಟ್ಟಿಮುಟ್ಟಾಗಿದ್ದಾರೆ. ಹಾಗಾಗಿ ನಾಲ್ಕು ಜನರ ಈ ಮನೆಯಲ್ಲಿ ಮಾವ ಆಳುತ್ತಾರೆ, ಮಾವನ ನಂತರದ ಸ್ಥಾನ ಹಸುವಿನದು, ನಾವು ಮೂವರು ಸಗಣಿ ಬಾಚುತ್ತೇವೆ.

ಯಜಮಾನಿ ಅಂತ ಹೆಸರು ಬಂದದ್ದು ಅವಳ ನಡಿಗೆಯಿಂದ. ಚಳಿಗಾಲವೆಲ್ಲ ದನಗಳು ಕೊಟ್ಟಿಗೆಯೊಳಗೇ ಇರುತ್ತವೆ. ವಸಂತದಲ್ಲಿ ಹುಲ್ಲು ಚಿಗುರಿದ ಮೇಲೆ ಅವನ್ನೆಲ್ಲ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಬೇಕು. ದಾರಿ ದೂರವಿಲ್ಲ, ಆದರೆ ಸುಲಭವೂ ಅಲ್ಲ. ಮೊದಲು ಟಾರು ರಸ್ತೆ ದಾಟಬೇಕು. ಆಮೇಲೆ ಒಂದು ಓಣಿ. ಅದರ ಎಡಕ್ಕೆ ಹಳ್ಳ, ಬಲಕ್ಕೆ ಪಕ್ಕದ ಹೊಲದ ಬೇಲಿ. ಓಣಿಯ ತುದಿಯಲ್ಲಿ ದಾರಿ ಸ್ವಲ್ಪ ಅಗಲವಾಗಿ ಹುಲ್ಲುಗಾವಲಿನ ಬೇಲಿ, ಅದರಲ್ಲಿ ಗೇಟು. ತಿಂಗಳುಗಟ್ಟಲೆ ಕಟ್ಟಿಹಾಕಿದ್ದ ದನಗಳಿಗೆ ಬಿಸಿಲು ತಾಗಿದರೆ ತಲೆ ನಿಲ್ಲುವುದಿಲ್ಲ, ಬಾಲ ಎತ್ತಿ ದಿಕ್ಕಾಪಾಲಾಗಿ ಓಡುತ್ತವೆ. ಓಡದಂತೆ ನೋಡಿಕೊಳ್ಳುವವಳು ಯಜಮಾನಿ. ಕೊರಳ ಗಂಟೆ ಆಡಿಸಿಕೊಂಡು ಅವಳು ಮುಂದೆ ಹೊರಟರೆ ಉಳಿದವೆಲ್ಲ ಮದುವೆ ದಿಬ್ಬಣದ ಹಾಗೆ ಹಿಂದೆ ಬರುತ್ತವೆ.

ನಾನು ಈ ಮನೆಗೆ ಬಂದ ವರ್ಷ ಹುಟ್ಟಿದ ಕರು ಅವಳು. ಹುಟ್ಟಿದ ವಾರದಲ್ಲೇ ತಾಯಿ ಸತ್ತಿತು. ಹಾಲಿನಲ್ಲಿ ಬೆರಳು ಅದ್ದಿ ಚೀಪಿಸಿ ಬದುಕಿಸಿದವಳು ನಾನು. ಆ ದಿನಗಳಲ್ಲಿ ನನಗೂ ಈ ಮನೆ ಹೊಸದು, ಅವಳಿಗೂ ಹೊಸದು. ಮಾತಾಡಿಸುವವರು ಇಲ್ಲದಾಗ ನಾನು ಅವಳ ಹತ್ತಿರವೇ ಹೋಗಿ ಕೂರುತ್ತಿದ್ದೆ. ಇದನ್ನು ಹೇಳಿದರೆ ಗಂಡ ಇವತ್ತಿಗೂ, ‘ಅಂದ್ರೆ ನಾನೇನು ಮೂಕನಾಗಿದ್ನಾ?’ ಅನ್ನುತ್ತಾರೆ. ಹೌದು, ಹೆಚ್ಚು ಕಡಿಮೆ ಹಾಗೇ ಇದ್ದರು.

ಈ ಚಳಿಗಾಲದಲ್ಲಿ ನನಗೆ ಗೊತ್ತಾಯಿತು, ಯಜಮಾನಿಗೆ ಕಣ್ಣು ಕಾಣುತ್ತಿಲ್ಲ.

ಗೊತ್ತಾದದ್ದು ಬಕೆಟ್ಟಿನಿಂದ. ನೀರಿನ ಬಕೆಟ್ಟನ್ನು ದಿನಾ ಇಡುವ ಜಾಗದಿಂದ ಒಂದು ಮಾರು ಆಚೆ ಇಟ್ಟಿದ್ದೆ. ಅವಳು ಹಳೆಯ ಜಾಗಕ್ಕೇ ಮೂತಿ ಹಾಕಿ, ಬರಿಯ ನೆಲವನ್ನು ಮೂಸಿ, ಸುಮ್ಮನೆ ನಿಂತಳು. ಕಣ್ಣ ಮುಂದೆ ಕೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ. ನೋಡಿದರೆ ಏನೂ ಹೇಳುವ ಹಾಗಿಲ್ಲ, ಪೊರೆ ಇಲ್ಲ, ನೀರು ಸೋರುವುದಿಲ್ಲ, ಎಂದಿನ ಅದೇ ದೊಡ್ಡ ಕಪ್ಪು ಕಣ್ಣು. ಕೊಟ್ಟಿಗೆಯಲ್ಲಿ ಪ್ರತಿ ಕಂಬ, ಪ್ರತಿ ಮೆಟ್ಟಿಲು ಅವಳಿಗೆ ಬಾಯಿಪಾಠ. ಹಾಗಾಗಿ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಹಾಗಂತ ನಾನು ಅಂದುಕೊಂಡೆ.

ಮಾವನಿಗೆ ಹೇಳುವುದು ಸಾಧ್ಯವೇ ಇರಲಿಲ್ಲ. ಅವರದು ಒಂದೇ ಮಾತು: ‘ಮೇವು ತಿನ್ನೋದೆಲ್ಲ ಕೆಲಸ ಮಾಡ್ಬೇಕು.’ ಕೈಲಾಗದ ದನ ಕೊಟ್ಟಿಗೆಯಲ್ಲಿ ಇರಕೂಡದು. ಪ್ರತಿ ವಸಂತದಲ್ಲಿ ದನಗಳು ಮೇಲೆ ಹೋಗುವ ದಿನವೇ ದಲ್ಲಾಳಿ ತನ್ನ ಗಾಡಿ ತಂದು ನಿಲ್ಲಿಸುತ್ತಾನೆ. ಮೇಲೆ ಹೋಗಲಾರದ್ದು ಅವನ ಗಾಡಿ ಹತ್ತಬೇಕು. ಹತ್ತಿದ್ದು ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಮಾವ ಕೆಟ್ಟವರಲ್ಲ. ಆದರೆ ಹನ್ನೊಂದು ದನದ ಮನೆಯಲ್ಲಿ ಕನಿಕರಕ್ಕೆ ಮೇವು ಸಾಲುವುದಿಲ್ಲ ಅನ್ನುವ ಲೆಕ್ಕದವರು.

ಗಂಡನಿಗೆ ಹೇಳೋಣ ಅಂದರೆ ಅವರು ಅಪ್ಪನ ಮುಂದೆ ಸುಳ್ಳು ಹೇಳಲಾರರು, ಕಿವಿ ಕೆಂಪಾಗುತ್ತದೆ. ಅತ್ತೆಗೆ ಹೇಳೋಣ ಅಂದರೆ ಅವರಿಗೆ ಹೋದ ವರ್ಷ ಎದೆನೋವು ಬಂದು ಆಸ್ಪತ್ರೆ ಸೇರಿ ಬಂದದ್ದು. ಗಾಬರಿಪಡಿಸಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಹೀಗೆ ವಿಷಯ ನನ್ನ ಬಾಯಲ್ಲಿ ಬಿಸಿ ತುಪ್ಪವಾಗಿ ಕೂತಿತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಈ ಒಂದು ಸಲ ಹೇಗಾದರೂ ಅವಳು ಮೇಲೆ ತಲುಪಿಬಿಟ್ಟರೆ ಸಾಕು, ದಲ್ಲಾಳಿ ಬೇರೆ ಊರಿಗೆ ಹೋಗುತ್ತಾನೆ, ಇನ್ನೊಂದು ವರ್ಷ ಕಳೆಯುತ್ತದೆ. ದಾರಿ ಅವಳಿಗೆ ಗೊತ್ತಿದೆ, ಕಣ್ಣು ಯಾಕೆ ಬೇಕು ಅಂತ ಧೈರ್ಯ ತಂದುಕೊಂಡೆ.

ಅಷ್ಟರಲ್ಲಿ ನನ್ನ ಗಂಡ ಗೇಟಿಗೆ ಕೈ ಹಾಕಿದರು.

ವಸಂತ ಬಂತೆಂದರೆ ನಮ್ಮಲ್ಲಿ ಎಲ್ಲರ ಮೈಯಲ್ಲೂ ಏನೋ ಹೊಕ್ಕ ಹಾಗೆ ಆಗುತ್ತದೆ. ಚಳಿಗಾಲದ ಗೊಬ್ಬರ ಹೊರಗೆ ಹಾಕಬೇಕು, ಗಾಳಿಗೆ ಎದ್ದ ತಗಡು ಬಡಿಯಬೇಕು, ಕೊಟ್ಟಿಗೆಗೆ ಸುಣ್ಣ ಬಳಿಯಬೇಕು, ಕೊಳೆತ ಬೇಲಿಕಂಬ ಕಿತ್ತು ಹೊಸದು ನೆಡಬೇಕು. ಗಂಡ ಬೆಳಿಗ್ಗೆ ಸುತ್ತಿಗೆ ಹಿಡಿದರೆ ರಾತ್ರಿ ಊಟಕ್ಕೂ ಅದನ್ನು ಪಕ್ಕದಲ್ಲಿಟ್ಟುಕೊಂಡು ಕೂರುತ್ತಾರೆ. ಈ ಸಲ ಬೇಲಿಯ ಕೆಲಸಕ್ಕೆ ಹೋದವರು ಬಂದು, ‘ಓಣಿ ತುದೀಲಿರೋ ಗೇಟನ್ನ ಕಿತ್ತು ಅದೇ ಬೇಲೀಲಿ ಬಲಗಡೆಗೆ ಹಾಕ್ತೀನಿ. ಹಳೇ ಜಾಗಕ್ಕೆ ತಂತಿ ಎಳೀತೀನಿ’ ಅಂದರು.

ನಾನು ತಟ್ಟನೆ ಕೇಳಿದೆ, ‘ಇರೋ ಗೇಟಿಗೆ ಏನಾಗಿದೆ?’

‘ಟ್ರ್ಯಾಕ್ಟರ್ ತಿರುಗಲ್ಲ.’

‘ಇಷ್ಟು ವರ್ಷ ತಿರುಗ್ತಿತ್ತಲ್ಲ?’

‘ತಿರುಗಲ್ಲ ಅಂದ್ನಲ್ಲ. ನೀನು ಟ್ರ್ಯಾಕ್ಟರ್ ಓಡಿಸ್ತೀಯಾ?’

‘ಮುಂದಿನ ವರ್ಷ ಹಾಕಿದ್ರಾಯ್ತು ಬಿಡಿ. ಈ ವರ್ಷ ಬೇಡ.’

‘ಈ ವರ್ಷವೇ ಹಾಕ್ಬೇಕು’ ಅಂದರು. ಅವರ ಕಿವಿ ಕೆಂಪಗಿತ್ತು. ನಾನು ಅದನ್ನು ಸಿಟ್ಟು ಅಂದುಕೊಂಡೆ. ಇಬ್ಬರೂ ಕಾರಣ ಹೇಳದೆ ಜಗಳವಾಡಿದೆವು. ಕಾರಣವಿಲ್ಲದ ಜಗಳಕ್ಕೆ ಕೊನೆಯೂ ಇರುವುದಿಲ್ಲ, ಮೂರು ದಿನ ಮಾತು ಬಿಟ್ಟೆವು. ಆ ಮೂರು ದಿನದಲ್ಲಿ ಅವರು ಗೇಟು ಕಿತ್ತು, ಬಲಕ್ಕೆ ನೆಟ್ಟು, ಹಳೆಯ ಜಾಗಕ್ಕೆ ಮುಳ್ಳುತಂತಿ ಬಿಗಿದು ಮುಗಿಸಿದರು.

ಇದರ ನಡುವೆ ಅತ್ತೆಗೂ ಏನೋ ಹುಚ್ಚು ಹಿಡಿದಿತ್ತು. ಗೇಟು ಕೀಳುವ ಹಿಂದಿನ ವಾರವೆಲ್ಲ, ಸಂಜೆ ಹಾಲು ಕರೆದಾದ ಮೇಲೆ ಯಜಮಾನಿಯ ಕೊರಳಿಗೆ ಹಗ್ಗ ಹಾಕಿ ಹೊರಗೆ ನಡೆಸಿಕೊಂಡು ಹೋಗುತ್ತಿದ್ದರು. ಕೇಳಿದರೆ, ‘ಅವಳ ಕಾಲು ಸಡಿಲ ಆಗ್ಲಿ ಅಂತ. ನನಗೂ ನಡೀಬೇಕು ಅಂತ ಡಾಕ್ಟರು ಹೇಳಿಲ್ವಾ?’ ಅನ್ನುತ್ತಿದ್ದರು. ಆಮೇಲೆ ಮಂಡಿ ಊದಿ ಮನೆಯಲ್ಲೇ ಕೂತರು, ಗೇಟು ಬದಲಾದ ಮೇಲೆ ಆ ಕಡೆ ಹೋಗಲೇ ಇಲ್ಲ. ನನಗೆ ನನ್ನದೇ ತಲೆನೋವು ಇದ್ದುದರಿಂದ ಅದರ ಕಡೆ ಗಮನ ಕೊಡಲಿಲ್ಲ.

ನಾನೊಂದು ಉಪಾಯ ಹೂಡಿದ್ದೆ. ಹೊರಡುವ ದಿನ ಬಕೆಟ್ಟಿನಲ್ಲಿ ಒಂದಿಷ್ಟು ಹಿಂಡಿ ಹಾಕಿಕೊಂಡು, ಅವಳ ಮೂತಿಯ ಪಕ್ಕದಲ್ಲೇ ನಡೆದು, ಓಣಿಯ ತುದಿಯಲ್ಲಿ ಬಲಕ್ಕೆ ತಿರುಗಿಸಿಬಿಡುವುದು. ಯಾರು ನೋಡಿದರೂ ಮುದ್ದು ಜಾಸ್ತಿಯಾಯ್ತು ಅಂತ ಬೈಯುತ್ತಾರೆ, ಬೈಯಲಿ.

ಆ ದಿನ ಬೆಳಿಗ್ಗೆ ಬಕೆಟ್ಟು ಹಿಡಿದು ಬಂದೆ. ಮಾವ ಕೋಲು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ‘ಅದ್ಯಾಕೆ? ದನ ಮೇಯಕ್ಕೇ ಹೋಗ್ತಿರೋದು. ನೀನು ರಸ್ತೆ ಹತ್ರ ನಿಂತು ಗಾಡಿ ನಿಲ್ಲಿಸು. ನಾನು ಮುಂದೆ ಹೋಗ್ತೀನಿ, ನಿನ್ನ ಗಂಡ ಹಳ್ಳದ ಕಡೆ ಇರ್ಲಿ, ನಿನ್ನ ಅತ್ತೆ ಹಿಂದೆ ಬರ್ಲಿ’ ಅಂದರು.

‘ಮಾವ, ನಾನು ಯಜಮಾನಿ ಜೊತೆ...’

‘ಅವಳಿಗೆ ದಾರಿ ಹೇಳಿಕೊಡ್ತೀಯಾ? ಅವಳೇ ನಿನಗೆ ಹೇಳಿಕೊಡ್ತಾಳೆ. ಹೋಗು.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಗಂಡ ಮತ್ತು ಅತ್ತೆ ನಕ್ಕದ್ದೂ ನನ್ನ ಹಾಗೆಯೇ, ಅರ್ಧ ಬಾಯಲ್ಲಿ. ಅದು ಆಗ ನನಗೆ ಹೊಳೆಯಲಿಲ್ಲ.

ರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಂತೆ. ಮೊದಲು ಬಂದು ನಿಂತ ಗಾಡಿ ದಲ್ಲಾಳಿಯದೇ! ಕಿಟಕಿಯಿಂದ ತಲೆ ಹೊರಹಾಕಿ, ‘ಏನಮ್ಮಾ, ಎಲ್ಲಾ ಮೇಲೇನಾ? ನನಗೇನೂ ಇಲ್ವಾ?’ ಅಂದ. ಇವನು ಅರ್ಧ ಮೈಲಿ ದೂರದಿಂದ ದನದ ನಡಿಗೆ ನೋಡಿ, ಯಾವ ಕಾಲು ಸವೆದಿದೆ, ಯಾವುದಕ್ಕೆ ಗರ್ಭ ನಿಂತಿಲ್ಲ ಅಂತ ಹೇಳುವ ಆಸಾಮಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ನಾನು ಅವನ ಕಿಟಕಿಗೆ ಅಡ್ಡವಾಗಿ ನಿಂತು, ‘ಏನೂ ಇಲ್ಲ, ಏನೂ ಇಲ್ಲ’ ಅಂತ ಬೇಡದಷ್ಟು ಜೋರಾಗಿ ಅಂದೆ.

ಗಂಟೆಯ ಸದ್ದು ಬಂತು. ಮಾವ ಮುಂದೆ, ಅವರ ‘ಬಾ... ಬಾ... ಬಾ’ ಅನ್ನುವ ಕೂಗಿಗೆ ಕಿವಿ ಕೊಟ್ಟು ಯಜಮಾನಿ ಹಿಂದೆ. ಕತ್ತು ಎತ್ತಿ, ಗೊರಸು ಹುಷಾರಾಗಿ ಊರಿ, ರಾಣಿಯ ಹಾಗೆ ಟಾರು ದಾಟಿದಳು. ಅವಳ ಹಿಂದೆ ಉಳಿದವೂ ದಾಟಿದವು. ದಲ್ಲಾಳಿ ಮಾತ್ರ ನಗು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಗಾಡಿ ಪಕ್ಕಕ್ಕೆ ಹಾಕಿ ಕೆಳಗಿಳಿದ.

ಓಣಿಯ ತುದಿ ರಸ್ತೆಯಿಂದ ಕಾಣುತ್ತದೆ. ಮಾವ ಬಲಕ್ಕೆ ತಿರುಗಿ ಹೊಸ ಗೇಟು ದಾಟಿ ಒಳಗೆ ನಿಂತು ಕೂಗಿದರು. ಯಜಮಾನಿ ಕಿವಿ ಆ ಕಡೆ ತಿರುಗಿಸಿದಳು, ಕಾಲು ಮಾತ್ರ ತಿರುಗಿಸಲಿಲ್ಲ. ಅವಳ ಕಾಲಿಗೆ ಗೊತ್ತಿದ್ದದ್ದು ನೇರ ದಾರಿ. ನೇರ ನಡೆದಳು.

‘ಊರಿಗೊಂದು ದಾರಿಯಾದ್ರೆ ಇವಳಿಗೊಂದು ದಾರಿ! ಏ ಯಜಮಾನೀ, ಈ ಕಡೆ!’ ಅಂತ ಮಾವ ಬೇಲಿಯ ಒಳಗಿನಿಂದಲೇ ಅವಳ ಎದುರಿಗೆ ಬಂದರು. ಅದೇ ತಪ್ಪಾಯಿತು. ಧ್ವನಿ ಎದುರಿನಿಂದ ಬಂದ ಕೂಡಲೇ ದಾರಿ ಸರಿ ಇದೆ ಅಂತ ಅವಳು ಬೇಗ ಹೆಜ್ಜೆ ಹಾಕಿದಳು. ತಂತಿಗೆ ಎದೆ ಕೊಟ್ಟು ನಿಂತಳು. ಹಿಂದಿನ ದನಗಳು ಅವಳ ಬೆನ್ನಿಗೆ ಒತ್ತಿದವು. ಎರಡು ಕಡಸುಗಳು ಕೂಗುತ್ತಾ ಒಂದರ ಮೇಲೊಂದು ಹತ್ತಿದವು. ಎಡಗಡೆ ಹಳ್ಳ ಚಳಿಗಾಲದ ನೀರಿನಲ್ಲಿ ದಡ ತಿಂದು ಓಣಿಯ ಅಂಚಿನವರೆಗೂ ಬಂದಿತ್ತು. ಯಜಮಾನಿಯ ಹಿಂಗಾಲಿನ ಕೆಳಗಿನ ಮಣ್ಣು ಕುಸಿದು ನೀರಿಗೆ ಬಿದ್ದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು.

ರಸ್ತೆ, ಗಾಡಿ, ದಲ್ಲಾಳಿ ಎಲ್ಲ ಬಿಟ್ಟು ಓಡಿದೆ. ಮಾವ ಅವಳನ್ನು ಹಿಂದಕ್ಕೆ ಸರಿಸಲು ಕೋಲು ಎತ್ತಿದ್ದರು. ಏಟು ಬಿದ್ದರೆ ಅವಳು ಪಕ್ಕಕ್ಕೆ ಹಾರುತ್ತಾಳೆ, ಪಕ್ಕದಲ್ಲಿ ನೆಲವಿಲ್ಲ.

‘ಮಾವಾ, ಹೊಡೀಬೇಡಿ! ಅವಳಿಗೆ ಕಣ್ಣು ಕಾಣಲ್ಲ!’

ಹೇಳಿಬಿಟ್ಟೆ. ಚಳಿಗಾಲವಿಡೀ ಹಲ್ಲು ಕಚ್ಚಿ ಹಿಡಿದದ್ದನ್ನು ದಲ್ಲಾಳಿಗೂ ಕೇಳುವ ಹಾಗೆ ಕಿರುಚಿಬಿಟ್ಟೆ. ಮಾವನ ಕೋಲು ಮೇಲೆಯೇ ನಿಂತಿತು.

ಆಮೇಲೆ ಆದದ್ದು ಒಂದರ ಹಿಂದೊಂದು, ಉಸಿರು ಬಿಡುವುದರೊಳಗೆ. ಅತ್ತೆ ಹಿಂದಿನಿಂದ ಕೂಗಿದರು: ‘ತಂತಿ ಕತ್ತರಿಸೋ! ಅವಳಿಗೆ ಅದೇ ದಾರಿ ರೂಢಿ ಮಾಡಿಸಿದೀನಿ!’ ಗಂಡ ಆಗಲೇ ಜೇಬಿನಿಂದ ಇಕ್ಕಳ ತೆಗೆದು ಬೇಲಿಗೆ ಹಾರಿದ್ದರು. ‘ಲೋ, ಹೊಸ ತಂತಿ!’ ಅಂತ ಮಾವ ಅಂದರು, ಬಾಯಿ ತಪ್ಪಿ ಬಂದ ಮಾತು. ಠಣ್ಣೆಂದು ಕೆಳಗಿನ ಎಳೆ ಹೋಯಿತು, ಆಮೇಲೆ ನಡುವಿನದು. ಮೇಲಿನದಕ್ಕೆ ಇಕ್ಕಳ ಹಾಕುವ ಮೊದಲೇ ಯಜಮಾನಿ ಮುಂದೆ ನುಗ್ಗಿದಳು. ತಂತಿ ಅವಳ ಎದೆ ಕೊಯ್ದು ಕಿತ್ತುಕೊಂಡು ಬಂತು. ಅವಳ ಹಿಂದೆ ಉಳಿದವೂ ನುಗ್ಗಿದವು. ಹಿಂಗಾಲಿನ ಕೆಳಗಿದ್ದ ಮಣ್ಣು ಪೂರ್ತಿ ಕುಸಿದದ್ದು ಆಮೇಲೆ.

ದನಗಳು ಹುಲ್ಲಿಗೆ ಬಾಯಿ ಹಾಕಿದವು. ಯಜಮಾನಿ ನಡುಗುತ್ತಾ ನಿಂತಿದ್ದಳು. ಎದೆಯಿಂದ ರಕ್ತ ಇಳಿಯುತ್ತಿತ್ತು. ನಾನು ಹೊದ್ದಿದ್ದ ಶಾಲು ತೆಗೆದು, ಬೆವರು ಒರೆಸುವವಳ ಹಾಗೆ ನಟಿಸುತ್ತಾ ಗಾಯದ ಮೇಲೆ ಒತ್ತಿಹಿಡಿದೆ. ಇಷ್ಟಾದ ಮೇಲೂ ಮುಚ್ಚಿಡುವ ಬುದ್ಧಿ ಹೋಗಿರಲಿಲ್ಲ ನೋಡಿ. ಕುರುಡು ಅಂತ ಗೊತ್ತಾಗಿದೆ, ಗಾಯವೂ ಗೊತ್ತಾದರೆ ಮುಗಿಯಿತು ಅನ್ನುವ ಭಯ.

ಮಾವ ನಿಧಾನಕ್ಕೆ ಬಂದರು. ಹೆಂಡತಿಯನ್ನು ಕೇಳಿದರು: ‘ನಿನಗೆ ಗೊತ್ತಿತ್ತಾ?’

‘ಗೊತ್ತಿತ್ತು’ ಅಂದರು ಅತ್ತೆ. ‘ದಾರಿ ಮರೀಬಾರ್ದು ಅಂತ ಸಂಜೆ ಹೊತ್ತು ಇಲ್ಲೀತನಕ ನಡೆಸ್ತಿದ್ದೆ.’

‘ನಿನಗೆ?’

ಗಂಡ ಇಕ್ಕಳವನ್ನೇ ನೋಡುತ್ತಿದ್ದರು. ‘ದಡ ಕುಸೀತಾ ಇತ್ತಪ್ಪ. ಕಾಣದ ಹಸು, ಕಾಲು ಜಾರೀತು ಅಂತಲೇ ಗೇಟು ಆ ಕಡೆಗೆ ಹಾಕಿದ್ದು. ಟ್ರ್ಯಾಕ್ಟರ್ ಅಂತ ಸುಳ್ಳು ಹೇಳ್ದೆ.’

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಬ್ಬರು ಹಳೆಯ ದಾರಿ ಕಲಿಸಿದ್ದಾರೆ, ಒಬ್ಬರು ಹಳೆಯ ದಾರಿ ಮುಚ್ಚಿದ್ದಾರೆ, ಒಬ್ಬಳು ಹಿಂಡಿ ಬಕೆಟ್ಟು ನಂಬಿಕೊಂಡು ಕೂತಿದ್ದಾಳೆ. ಮೂವರೂ ಸೇರಿ ಉಳಿಸಲು ಹೋಗಿ ಅವಳನ್ನು ಹಳ್ಳಕ್ಕೆ ತಳ್ಳುವುದೊಂದೇ ಬಾಕಿ ಇತ್ತು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

‘ಮೂವರಿಗೂ ಗೊತ್ತಿತ್ತು’ ಅಂದರು ಮಾವ. ‘ನನಗೆ ಮಾತ್ರ ಹೇಳಲಿಲ್ಲ.’

ಅವರು ರೇಗುತ್ತಾರೆ ಅಂತ ಕಾದೆ. ರೇಗಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಊರಿ ನಿಂತರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅತ್ತೆ ಆಸ್ಪತ್ರೆಯಲ್ಲಿದ್ದಾಗಲೂ ಹಾಗಿರಲಿಲ್ಲ. ನನಗೆ ನಾಚಿಕೆಯಾಯಿತು, ಭಯ ಮಾತ್ರ ಕಡಿಮೆಯಾಗಲಿಲ್ಲ.

ಅಷ್ಟರಲ್ಲಿ ದಲ್ಲಾಳಿ ಹಗ್ಗ ಹೆಗಲಿಗೆ ಹಾಕಿಕೊಂಡು ಮೇಲೆ ಬಂದ. ‘ಯಜಮಾನ್ರೇ, ರಸ್ತೆ ದಾಟುವಾಗಲೇ ಅನ್ಕೊಂಡೆ, ಗೊರಸು ಊರೋ ರೀತಿನೇ ಬೇರೆ ಇದೆ ಅಂತ. ಮುಂದಾಳೇ ಕುರುಡಾದ್ರೆ ಮಂದೆ ಗತಿ ಏನು? ಇವತ್ತೇ ಒಯ್ದುಬಿಡ್ತೀನಿ, ನಿಮಗೂ ತಲೆನೋವು ತಪ್ಪುತ್ತೆ.’

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಾವ ನನ್ನ ಕಡೆ ತಿರುಗಿದರು.

‘ನಾನು ಮಾರಿಬಿಡ್ತೀನಿ ಅಂತ ತಾನೇ ಹೇಳಲಿಲ್ಲ?’

ನಾನು ಶಾಲನ್ನು ಇನ್ನಷ್ಟು ಒತ್ತಿಹಿಡಿದೆ.

‘ಮಾರ್ತಿದ್ದೆ. ನಿಜ. ನೀನು ಹೇಳಿದ್ರೆ ಚಳಿಗಾಲದಲ್ಲೇ ಮಾರ್ತಿದ್ದೆ’ ಅಂದರು. ‘ಈಗ ನೀನೇ ಹೇಳು. ಇಟ್ಕೊಳ್ಳೋದಾ, ಕೊಡೋದಾ? ನಿನ್ನ ಮಾತೇ ಕಡೆಯದು.’

ಇಷ್ಟು ದಿನ ಅವರು ಏನು ಹೇಳುತ್ತಾರೋ ಅಂತ ಹೆದರಿದ್ದೆ. ನನ್ನನ್ನೇ ಕೇಳುತ್ತಾರೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಕೊಡೋದು ಬೇಡ ಅನ್ನಲು ಬಾಯಿ ತೆರೆದವಳು ಹುಲ್ಲುಗಾವಲಿನ ಕಡೆ ನೋಡಿದೆ. ಮೇಲಿನ ಹುಲ್ಲುಗಾವಲಿನ ಆ ಬದಿಗೆ ಬಂಡೆಯ ಇಳಿಜಾರಿದೆ. ಮಳೆ ಬಂದರೆ ಹಳ್ಳ ಇನ್ನೂ ತಿನ್ನುತ್ತದೆ. ದನಗಳು ನಾಳೆ ಬೇರೆ ಯಾವುದೋ ಹಸುವಿನ ಹಿಂದೆ ಹೋಗಿ ಇವಳನ್ನು ಒಂಟಿಯಾಗಿ ಬಿಡಬಹುದು. ಅವಳನ್ನು ಉಳಿಸಿಕೊಳ್ಳುವುದು ಅವಳಿಗೋಸ್ಕರವೋ, ಹಾಲಿನಲ್ಲಿ ಬೆರಳು ಅದ್ದಿ ಕೂತ ಆ ಹುಡುಗಿಗೋಸ್ಕರವೋ? ನನಗೆ ನಿಜವಾಗಿ ಗೊತ್ತಾಗಲಿಲ್ಲ. ಯಜಮಾನಿ ನನ್ನ ವಾಸನೆ ಹಿಡಿದು ಮೂತಿಯನ್ನು ನನ್ನ ಭುಜಕ್ಕೆ ಒತ್ತಿದಳು.

‘ಇರ್ಲಿ ಮಾವ’ ಅಂದೆ. ‘ದಿನಾ ನಾನೇ ಬಂದು ನೋಡ್ಕೊಳ್ತೀನಿ.’

‘ಬಿದ್ರೆ?’

‘ಬೀಳಬಹುದು.’

ಮಾವ ತಲೆಯಾಡಿಸಿದರು. ದಲ್ಲಾಳಿಗೆ ಕೈಸನ್ನೆಯಲ್ಲೇ ಹೋಗಿಬಾ ಅಂದರು. ಅವನು ಹೆಗಲ ಹಗ್ಗ ಸರಿಮಾಡಿಕೊಂಡು, ಏನೋ ಗೊಣಗುತ್ತಾ ಓಣಿಯಲ್ಲಿ ಇಳಿದು ಹೋದ. ಅವನ ಬೆನ್ನು ಮರೆಯಾಗುವ ತನಕ ಮಾವ ನೋಡುತ್ತಾ ನಿಂತರು.

‘ಒಂದು ಮಾತು’ ಅಂದರು ಆಮೇಲೆ. ‘ಅವಳಿಗೆ ಏನಾದ್ರೂ ಆದ್ರೆ ಮೊದಲು ನನಗೆ ಹೇಳ್ಬೇಕು. ಆಮೇಲೆ ಅಳು, ಆಮೇಲೆ ಉಪಾಯ ಮಾಡು. ಮೊದಲು ನನಗೆ. ಈ ಮನೇಲಿ ನಾನೂ ಇದೀನಿ.’

ಅವರು ಹಾಗೆ ಕೇಳಿಕೊಂಡದ್ದನ್ನು ನನಗೆ ತಡೆಯಲಾಗಲಿಲ್ಲ. ಶಾಲು ಹಿಡಿದಿದ್ದ ಕೈಗೆ ಬಿಸಿಬಿಸಿ ಒದ್ದೆ ತಾಗುತ್ತಿತ್ತು.

‘ಮಾವ’ ಅಂದೆ, ‘ಎದೆಗೆ ತಂತಿ ಕೊಯ್ದಿದೆ. ಆಳ ಇದೆ. ರಕ್ತ ನಿಲ್ತಾ ಇಲ್ಲ.’

ಶಾಲು ತೆಗೆದು ತೋರಿಸಿದೆ. ಮಾವ ಕೋಲು ಅಲ್ಲೇ ಹುಲ್ಲಿನ ಮೇಲೆ ಹಾಕಿ, ಕಷ್ಟಪಟ್ಟು ಮಂಡಿ ಊರಿ ಅವಳ ಎದೆಯ ಕೆಳಗೆ ಕೂತರು. ‘ನೀರು ತಗೊಂಡು ಬಾರೋ, ಕೊಟ್ಟಿಗೆ ಕಪಾಟಿನಿಂದ ಔಷಧಿನೂ’ ಅಂತ ಮಗನಿಗೆ ಕೂಗಿದರು. ಗಂಡ ಓಡಿದರು. ಮಾವ ನನ್ನ ಕೈ ಹಿಡಿದು ಗಾಯದ ಮೇಲೆ ಇಟ್ಟು, ಅದರ ಮೇಲೆ ತಮ್ಮ ಕೈ ಇಟ್ಟು ಗಟ್ಟಿಯಾಗಿ ಒತ್ತಿದರು.